ಕ್ಯಾನ್‌ಬೆರಾದಲ್ಲಿ ಒಂದು ಒಡಪು

“ಫೋಟೊ ಕಳಿಸಬ್ಯಾಡ್ರಿ ಮೇಡಂ. ಫೋಟೊ ಎಲ್ಲಿ ಬೇಕಾದ್ರೂ ಸಿಗ್ತಾವ. ನೀವು ನೋಡಿದ್ದು ಬಾಯಿಲೆ ಹೇಳ್ರಿ.”

ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಸಲಿಂಗ ಗಂಗಾಳಿಗೆ ಹೇಳಿದ್ದು ಇಷ್ಟೇ. ಬೇರೆ ಬೇರೆ ರಾಜ್ಯಗಳ ಶಿಕ್ಷಕರ ಪ್ರವಾಸಕ್ಕೆ ಇಬ್ಬರೂ ಆಯ್ಕೆಯಾಗಿದ್ದರು. ಮದುವೆಯಾಗದೆ ತಾಯಿಯೊಂದಿಗಿದ್ದ ಆ ಡ್ರಾಯಿಂಗ್ ಮಾಸ್ತರನಿಗೆ ವೀಸಾ ಬರಲಿಲ್ಲ. ಸಮಾಜ ವಿಜ್ಞಾನ ಕಲಿಸುವ ಗಂಗಾ ಒಬ್ಬಳೇ ಆಸ್ಟ್ರೇಲಿಯಾದ ಸಂಸತ್ ಭವನ ನೋಡಲು ಬಂದಳು. ತಂಡದಲ್ಲಿ ಕನ್ನಡ ಬಲ್ಲವರು ಇನ್ನೊಬ್ಬರಿರಲಿಲ್ಲ.

ಅವಳು ರೆಕಾರ್ಡಿಂಗ್ ಒತ್ತಿ ಫೋನನ್ನು ತುಟಿಗೆ ಹತ್ತಿರ ಹಿಡಿದಳು.

“ಸರ್, ಒಂದು ಗ್ವಾಡಿ ತುಂಬ ನೂಲಿನ್ಯಾಗ ಕಾಡು ನೇಯ್ದಾರ. ಎದುರಿಗಿ ನಿಂತ್ರ ನಾವೇ ದಾರಿ ತಪ್ಪಿದಂಗ ಆಗ್ತದ. ಈಗ ಗಾಜಿನ ಹಿಂದ ಕಸೂತಿ ನೋಡಾಕತ್ತೇನಿ. ನೂರಾರು ಹೆಣ್ಮಕ್ಕಳು ಸೇರಿ ಹಾಕ್ಯಾರಂತ, ನಮ್ಮ ಕೌದಿ ಹೊಲಿದಂಗ. ನೀವಿದ್ದಿದ್ರ…”

ಅಷ್ಟಕ್ಕೇ ಫೋನ್ ಕೆಳಗಿಳಿಸಿದಳು. ಸುತ್ತ ಎಲ್ಲರೂ ಜೋಡಿ ಜೋಡಿಯಾಗಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಕೊನೆಗೆ ಗೈಡ್ ಅವರನ್ನು ಅಣಕು ಸಂಸತ್ತಿನ ಕೋಣೆಗೆ ಕರೆದೊಯ್ದಳು. “ಒಬ್ಬೊಬ್ಬರೇ ಎದ್ದು, ಯಾರ ಹೆಸರಿನಲ್ಲಿ ಮಾತಾಡುತ್ತೀರಿ ಹೇಳಿ. ನಿಮ್ಮ ಭಾಷೆಯಲ್ಲೇ ಹೇಳಿ.”

ಗಂಗಾಳಿಗೆ ತನ್ನೂರು ಕಕ್ಕೇರಾದ ಹೊಸ್ತಿಲುಗಳು ನೆನಪಾದವು. ಪ್ರಾಸ ಕಟ್ಟಿದ ಒಡಪಿನಲ್ಲಿ ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಎಷ್ಟು ಮದುವಣಗಿತ್ತಿಯರನ್ನು ಅವಳು ಕಾಡಿದ್ದಳು! ನಲವತ್ತು ಹತ್ತಿರ ಬಂದರೂ ಅವಳನ್ನು ಮಾತ್ರ ಯಾರೂ ಅಡ್ಡಗಟ್ಟಿರಲಿಲ್ಲ. ಹೇಗೂ ಇಲ್ಲಿ ಯಾರಿಗೂ ತಿಳಿಯದು. ಅವಳು ಎದ್ದು ನಿಂತಳು.

“ಗ್ವಾಡಿ ತುಂಬ ನೇಯ್ದ ಕಾಡು, ಗಾಜಿನ ಹಿಂದ ಕಸೂತಿ;
ಬಸಲಿಂಗ ಇಲ್ದ ನಾನು ಎಣ್ಣಿ ಇಲ್ದ ಹಣತಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಕೂತಾಗ ಕೈಯತ್ತ ನೋಡಿದಳು. ರೆಕಾರ್ಡಿಂಗ್ ನಿಂತೇ ಇರಲಿಲ್ಲ!

ಬೆರಳು ಅಳಿಸುವ ಗುರುತಿನ ಮೇಲೆ ಹೋಯಿತು. ಅಳಿಸಿದರೆ ಅವನ ಸ್ನೇಹವಾದರೂ ಉಳಿಯುತ್ತದೆ. ಕಳಿಸಿದರೆ ಅದೂ ಹೋಗಬಹುದು. ಆದರೆ ಆ ಮಾತನ್ನು ಇನ್ನೊಮ್ಮೆ ಹೇಳುವ ಧೈರ್ಯ ತನಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಕಳಿಸಿಬಿಟ್ಟಳು.

ಅವನು ಕೇಳಿಸಿಕೊಂಡದ್ದು ಫೋನಿನಲ್ಲಿ ಕಾಣಿಸಿತು. ಉತ್ತರ ಮಾತ್ರ ಬರಲಿಲ್ಲ. ಹುಲ್ಲು ಹಾಸಿದ ಅಂಗಳದಲ್ಲಿ ತಂಪು ಗಾಳಿಗೆ ಸೆರಗು ಹೊದ್ದು ಒಬ್ಬಳೇ ಕೂತಳು. ಪರದೇಶ ಅಂದರೆ ಏನೆಂದು ಅವಳಿಗೆ ಆಗ ತಿಳಿಯಿತು.

ಬಸ್ ಹತ್ತುವಾಗ ಫೋನ್ ನಡುಗಿತು. ಬಸಲಿಂಗನ ಸಂದೇಶವನ್ನು ಕಿವಿಗೆ ಹಿಡಿದಳು.

“ತಡ ಆತ್ರಿ. ಅವ್ವಗ ಕೇಳಿಸಾಕ ಹೋಗಿದ್ದೆ. ಒಡಪು ಮರೀಬ್ಯಾಡ್ರಿ ಗಂಗಾ. ಅವ್ವ ಈಗಿಂದನೇ ಬಾಗಲಕ್ಕ ಅಡ್ಡ ನಿಂತಾಳ. ಹೆಸರು ಹೇಳ್ಲಾರ್ದೆ ಒಳಗ ಬಿಡಂಗಿಲ್ಲಂತ.”