ಹಿಂದಿನ ಗೇಟಿಗೆ ಹೋದ ಕರೆ

2025ರ ಜೂನ್ 3, ಬೆಳಿಗ್ಗೆ 10.20. ಠಾಣೆಗೆ ಬಂದ ಹರ್ಷಿಣಿ ಹಳೆಯ ಇನ್‌ಲ್ಯಾಂಡ್ ಪತ್ರವೊಂದನ್ನು ಇನ್ಸ್‌ಪೆಕ್ಟರ್ ಸುಮತಿಯ ಮೇಜಿನ ಮೇಲಿಟ್ಟಳು. ಅವಳ ತಂದೆ, ಕಾರ್ಮಿಕ ನಾಯಕ ಅಂದಾನಿಯನ್ನು 1989ರ ನವೆಂಬರ್ 21ರಂದು ಅಂಬತ್ತೂರಿನ ಕಾರ್ಖಾನೆಯೊಂದರ ಹಿಂದಿನ ಗೇಟಿನಲ್ಲಿ ಗುಂಡಿಕ್ಕಿ ಕೊಲ್ಲಲಾಗಿತ್ತು. ಕೊಂದವನು ಜೈಲಿನಲ್ಲೇ ಸತ್ತ. ಪತ್ರ ಅವನು ಅಲ್ಲಿಂದ ಹೆಂಡತಿಗೆ ಬರೆದದ್ದು. ಆಕೆ ತೀರಿಕೊಂಡ ಮೇಲೆ ಅವನ ಮಗಳು ಅದನ್ನು ಹರ್ಷಿಣಿಗೆ ತಲುಪಿಸಿದ್ದಳು.

‘ಅಂದಾನಿ ಹಿಂದಿನ ಗೇಟಿಗೆ ಬರುತ್ತಾನೆ ಎಂದು ಟೀ ಅಂಗಡಿಯಲ್ಲಿ ಕಾಯುತ್ತಿದ್ದ ನನಗೆ ಫೋನ್ ಮಾಡಿ ಹೇಳಿದ್ದು ಗುರುಚರಣ’ ಎಂದಿತ್ತು ಅದರಲ್ಲಿ.

ಗುರುಚರಣ ಸಂಘದ ಕಾರ್ಯದರ್ಶಿ, ಅಂದಾನಿಯ ಬಲಗೈ. ಹರ್ಷಿಣಿಯನ್ನು ಓದಿಸಿ ಮದುವೆ ಮಾಡಿಸಿದವರೂ ಅವರೇ.

“ಅವರಿಗೆ ತೋರಿಸಿದಿರಾ?”

“ಭಾನುವಾರ ಊಟಕ್ಕೆ ಬಂದಿದ್ರು. ಚಿಕ್ಕಪ್ಪ ಅಂತಲೇ ಕರೆಯೋದು, ತೋರಿಸಿದೆ.”

“ಏನಂದ್ರು?”

“ಓದಿದ್ರು, ಮಡಚಿ ಕೊಟ್ರು. ಇನ್ನೊಂದು ಸೌಟು ಸಾರು ಹಾಕಮ್ಮ ಅಂದ್ರು.”

ಸುಮತಿ ಪತ್ರವನ್ನು ಕೈಗೆತ್ತಿಕೊಂಡು ಮತ್ತೊಮ್ಮೆ ಓದಿದಳು.

ಬರೀ ಪತ್ರದಿಂದ ಏನೂ ಆಗದು. ಸತ್ತವನನ್ನು ಪಾಟೀಸವಾಲಿಗೆ ಕರೆಯುವಂತಿಲ್ಲ. ಹಗೆಯಿಂದ ಬರೆದ ಎಂದುಬಿಟ್ಟರೆ ಮುಗಿಯಿತು. ಹೆಚ್ಚಿನ ತನಿಖೆಗೆ ಕೋರ್ಟಿನ ಅನುಮತಿ ಪಡೆದು ಸುಮತಿ, ಹೆಡ್ ಕಾನ್‌ಸ್ಟೆಬಲ್ ಶಿವಶರಣ ಇಬ್ಬರೂ ಹಳೆಯ ಕಡತ ಬಿಚ್ಚಿದರು. ಆ ದಿನ ಮೂರು ಗಂಟೆಯಿಂದ ಊರಿನ ಇನ್ನೊಂದು ತುದಿಯ ಪ್ಯಾರೀಸ್ ಕಾರ್ನರ್‌ನಲ್ಲಿದ್ದೆ ಎಂದು ಗುರುಚರಣ ಹೇಳಿಕೆ ಕೊಟ್ಟಿದ್ದರು. ಪಂಚನಾಮೆಯ ಏಳನೇ ವಸ್ತು ಕಾರ್ಖಾನೆಯ ಟೆಲಿಫೋನ್ ರಿಜಿಸ್ಟರ್. ಅದರ ಅರಗಿನ ಮೊಹರು ಹಾಗೇ ಇತ್ತು.

“ಕೊಂದವನು ಸಿಕ್ಕಿಬಿಟ್ಟ ಅಂತ ಇದನ್ನ ಯಾರೂ ತೆರೆದೇ ಇಲ್ಲ ಮೇಡಂ,” ಎಂದ ಶಿವಶರಣ.

ಒಳಗೆ ನೀಲಿ ಶಾಯಿಯಲ್ಲಿತ್ತು: 21-11-89, ಸಂಜೆ 4.40, ಸಂಘದ ಕೊಠಡಿಯಿಂದ ಹಿಂದಿನ ಗೇಟಿನ ಟೀ ಅಂಗಡಿಗೆ, ಗುರುಚರಣ. ಗುಂಡು ಹಾರಿದ್ದು 5.30ಕ್ಕೆ.

ಅದನ್ನು ಬರೆದ ಟೆಲಿಫೋನ್ ಆಪರೇಟರ್ ರಮಾಬಾಯಿಗೆ ಈಗ ಎಪ್ಪತ್ತೆಂಟು. ಅಕ್ಷರ ತನ್ನದೇ ಎಂದು ಗುರುತಿಸಿದ ಆಕೆ ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದರು.

“ನಿನ್ನೆ ಗುರುಚರಣ ಬಂದಿದ್ರಮ್ಮಾ, ಸೇಬು ತಗೊಂಡು. ‘ಈ ವಯಸ್ಸಲ್ಲಿ ಮರೆವು ಒಳ್ಳೇದು ರಮಾಬಾಯಿ, ಒಬ್ಬರೇ ಬೇರೆ ಇರ್ತೀರಿ’ ಅಂದ್ರು.”

“ಹೇಳಿಕೆ ಕೊಡ್ತೀರಾ?”

“ಕೊಡ್ತೀನಿ. ಆದರೆ ಇವತ್ತೇ ಬರ್ಕೊಂಡುಬಿಡಿ.”

ಆ ಮನೆಗೆ ಕಾವಲು ಹಾಕಿಸಿದ ಮೇಲೆಯೇ ಸುಮತಿ ಅಲ್ಲಿಂದ ಹೊರಟಳು.

ಪತ್ರದ ಕೈಬರಹ ಕೊಂದವನದೇ ಎಂದು ಪ್ರಯೋಗಾಲಯದ ವರದಿ ಬಂತು. ಜುಲೈ 11, ಬೆಳಿಗ್ಗೆ 8.15ಕ್ಕೆ ಅಡ್ಯಾರ್‌ನ ಮನೆಯಲ್ಲಿ ಗುರುಚರಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳಿತಿದ್ದರು, ಕಾಯುತ್ತಿದ್ದವರ ಹಾಗೆ.

“4.40ಕ್ಕೆ ಎಲ್ಲಿದ್ದಿರಿ?”

“ಪ್ಯಾರೀಸ್ ಕಾರ್ನರ್.”

ಸುಮತಿ ರಿಜಿಸ್ಟರಿನ ಪ್ರತಿ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಓದಿದರು.

“ಅಂದಾನಿ ಅವತ್ತು ಮುಂದಿನ ಗೇಟು ಬಿಟ್ಟು ಹಿಂದಿನ ಗೇಟಿಗೆ ಬರೋದು ಯಾರಿಗೆ ಗೊತ್ತಿತ್ತು?”

“ಅವನಿಗೆ. ನನಗೆ.”

“ಯಾಕೆ ಮಾಡಿದಿರಿ?”

“ಮುಷ್ಕರದಲ್ಲಿ ಕಂಪನಿ ಲಾರಿ ಮೈಮೇಲೆ ಹರಿದು ನನ್ನ ತಮ್ಮ ಪ್ರಮೋದ್ ಸತ್ತ. ಹತ್ತೇ ದಿನಕ್ಕೆ ಅಂದಾನಿ ಕಂಪನಿ ಜೊತೆ ರಾಜಿ ಒಪ್ಪಂದಕ್ಕೆ ಸಹಿ ಹಾಕೋಕೆ ಹೊರಟ. ಅದರಲ್ಲಿ ತಮ್ಮನ ಹೆಸರೇ ಇರಲಿಲ್ಲ.”

ಪೊಲೀಸರ ಮುಂದೆ ಆಡಿದ ಮಾತು ಕೋರ್ಟಿನಲ್ಲಿ ನಿಲ್ಲದೆಂದು ಸುಮತಿಗೆ ಗೊತ್ತಿತ್ತು. ಆದರೆ ಪತ್ರವಿತ್ತು, ರಿಜಿಸ್ಟರ್ ಇತ್ತು, ರಮಾಬಾಯಿ ಇದ್ದರು. 8.50ಕ್ಕೆ ಬಂಧನದ ಮೆಮೊಗೆ ಗುರುಚರಣರ ಸಹಿ ಪಡೆದಳು.

ಸುದ್ದಿ ಕೇಳಿದ ಹರ್ಷಿಣಿ ಅಳಲಿಲ್ಲ.

“ಅಪ್ಪನ ಹೆಣ ಮನೆಗೆ ಬಂದಾಗ, ನೋಡಬೇಡ ಕಂದಾ ಅಂತ ನನ್ನ ಕಣ್ಣು ಮುಚ್ಚಿದ್ದು ಇವರೇ,” ಎಂದಳು. “ಅದನ್ನೂ ಬರ್ಕೊಳ್ಳಿ ಮೇಡಂ.”

ಸುಮತಿ ಬರೆದುಕೊಂಡಳು.