ಕೊಕ್ಕರೆಗಳ ಪರವಾಗಿ ಒಂದು ಅರ್ಜಿ

ಪ್ರಮೀಳಾ ಶಾಸಕರ ಕಚೇರಿಗೆ ಫೋನ್ ಮಾಡಿ ಹೇಳಿದ್ದು ಹಕ್ಕಿಗಳ ವಿಷಯ. ತನಿಖೆಗೆ ಬಂದವನು ಮಾತ್ರ ಆಹಾರ ಇಲಾಖೆಯ ಇನ್‌ಸ್ಪೆಕ್ಟರು.

ಕಿಕ್ಕೇರಿಯಿಂದ ಸ್ವಲ್ಪ ಒಳಗಿರುವ ಹೊಂಗೆಕೊಪ್ಪಲಿನಲ್ಲಿ ಅವಳು ಹಾಲಿನ ಡೈರಿಯ ಕಾರ್ಯದರ್ಶಿ. ಊರ ಕೆರೆ ಏರಿಯ ಮೇಲೆ ಹಳೆಯ ಹುಣಸೆ ಮರಗಳ ಸಾಲಿತ್ತು. ಬೇಸಿಗೆಗೆ ಮುಂಚೆ ಬಣ್ಣದ ಕೊಕ್ಕರೆಗಳು ಬಂದು ಅಲ್ಲಿ ಗೂಡು ಕಟ್ಟುತ್ತಿದ್ದವು. ಈ ವರ್ಷ ರಸ್ತೆ ಅಗಲ ಮಾಡುವುದಕ್ಕೆಂದು ಯಾರೋ ಬಂದು ಪ್ರತಿ ಮರಕ್ಕೂ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಗೂಡುಗಳಲ್ಲಿ ಆಗಲೇ ಮರಿಗಳಿದ್ದವು. ಪ್ರಮೀಳಾ ಗಾಬರಿಯಲ್ಲಿ ಫೋನ್ ಮಾಡಿ, "ಏರಿ ಮ್ಯಾಲೆ ಅಕ್ಕಿಗೋಳವೆ ಸಾ, ಎಲ್ಲಾ ಆಳಾಗೋಯ್ತವೆ, ಬೇಗ ಏನಾರ ಮಾಡಿ" ಎಂದಿದ್ದಳು. ಆ ಕಡೆ ಇದ್ದವರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ಅಕ್ಕಿ ಹಾಳಾಗುತ್ತಿದೆ ಎಂಬ ದೂರು ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿಯಲ್ಲಿ ಆಹಾರ ಶಾಖೆಯ ಮೇಜಿಗೆ ಹೋಗಿ ಬಿತ್ತು.

ಇನ್‌ಸ್ಪೆಕ್ಟರ್ ದಿಲೀಪ ಬೈಕಿನಿಂದ ಇಳಿದದ್ದು ನೇರವಾಗಿ ರೇಷನ್ ಅಂಗಡಿಯ ಮುಂದೆ. ಅಂಗಡಿ ಪ್ರಮೀಳಾಳ ಸೋದರಮಾವ ಕೆಂಪಣ್ಣನದು. ದೂರು ಬಂದಿದೆ ಎಂಬ ಮಾತು ಕೇಳಿಯೇ ಕೆಂಪಣ್ಣ ತಕ್ಕಡಿಯನ್ನು ಪಂಚೆಯಿಂದ ಒರೆಸಲು ಶುರು ಮಾಡಿದ. ದೂರು ಕೊಟ್ಟವಳ ಹೆಸರು ಕೇಳಿದ ಮೇಲೆ ಒರೆಸುವುದನ್ನು ನಿಲ್ಲಿಸಿ, ಎತ್ತಿ ಆಡಿಸಿದ ಅಕ್ಕನ ಮಗಳೇ ಹೀಗೆ ಮಾಡಿದಳಲ್ಲ ಎಂದು ಕಲ್ಲುಚಪ್ಪಡಿಯ ಮೇಲೆ ಕುಸಿದು ಕೂತ. ಆಮೇಲೆ ಡೈರಿಯ ಕಡೆ ಕೈ ತೋರಿಸಿದ.

ಪ್ರಮೀಳಾ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಬಾಗಿಲಲ್ಲಿ ನಿಂತವನ ಕೈಯಲ್ಲಿ ಫೈಲು, ಕಿವಿಯ ಮೇಲೆ ಪೆನ್ನು. ಬಿಸಿಲಿಗೆ ಮುಖ ಕೆಂಪಾಗಿತ್ತು. ಸರ್ಕಾರಿ ಆಫೀಸರಿಗಿಂತ ಹೆಚ್ಚಾಗಿ ಸೈನ್ಸ್ ಪರೀಕ್ಷೆಗೆ ತಡವಾಗಿ ಬಂದ ಹುಡುಗನ ಹಾಗೆ ಕಂಡ.

"ಅಕ್ಕಿ ಎಲ್ಲದೆ ಮೇಡಂ?"

"ಮರದ ಮ್ಯಾಲೆ."

ಅವನು ಬರೆಯಲು ಹೊರಟು ನಿಂತ. "ಮರದ ಮ್ಯಾಲೆ ಯಾರು ಇಟ್ರು?"

"ಅವೇ ಬಂದು ಕೂತ್ಕೊಂಡ್ವು ಸಾ. ಮರಿ ಮಾಡವೆ."

ದಿಲೀಪ ಪೆನ್ನನ್ನು ಮತ್ತೆ ಕಿವಿಗೆ ಸಿಕ್ಕಿಸಿದ. ಫೈಲಿನಲ್ಲಿದ್ದ ಕಾಗದವನ್ನು ಇನ್ನೊಮ್ಮೆ ಓದಿದ. ಅವನಿಗೆ ಅರ್ಥವಾಗುತ್ತಿರುವುದು ಹುಬ್ಬಿನಿಂದ ಶುರುವಾಗಿ ತುಟಿಯ ಮೂಲೆಗೆ ನಿಧಾನವಾಗಿ ಇಳಿಯುವುದನ್ನು ಪ್ರಮೀಳಾ ನೋಡಿದಳು. ಅವಳಿಗೂ ಅರ್ಥವಾಯಿತು. ಇಬ್ಬರೂ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಮೊದಲು ಸೋತವಳು ಅವಳು. ಅವಳು ನಕ್ಕ ಮೇಲೆ ಅವನಿಗೂ ತಡೆಯಲಾಗಲಿಲ್ಲ.

ತಾನೂ ಈ ಕಡೆಯವನೇ, ಪಾಂಡವಪುರದವನು, ಮನೆಯಲ್ಲಿ ತನ್ನ ಅಮ್ಮನೂ ಹಾಗೆಯೇ ಮಾತಾಡುವುದು ಎಂದು ಅವನು ಸಮಾಧಾನ ಹೇಳಿದ. ಹೋಗಿಬಿಡಬಹುದಿತ್ತು. ಬಂದದ್ದಾಯಿತು, ಆ ಮರಗಳನ್ನಾದರೂ ನೋಡುತ್ತೇನೆ ಎಂದ.

ಏರಿಯ ಮೇಲೆ ಹೋಗುವ ಊರಿನವರೆಲ್ಲ ಆ ತಿಂಗಳುಗಳಲ್ಲಿ ಕೊಡೆ ಹಿಡಿಯುತ್ತಾರೆ. ಪ್ರಮೀಳಾಳೂ ಹಿಡಿದಳು. ಬಿಸಿಲು ತನಗೆ ಅಭ್ಯಾಸವಿದೆ ಎಂದು ದಿಲೀಪ ಕೊಡೆ ಬೇಡವೆಂದ. ಕೊಡೆ ಬಿಸಿಲಿಗಲ್ಲ ಎಂಬುದು ಮೂರನೆಯ ಮರದ ಕೆಳಗೆ ಅವನಿಗೆ ತಿಳಿಯಿತು. ಅಂಗಿಯ ಭುಜ ಒರೆಸಿಕೊಂಡು ಅವನು ಅವಳ ಕೊಡೆಯೊಳಗೆ ಸರಿದ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಇಬ್ಬರೂ ಮುಚ್ಚಿಕೊಳ್ಳಲಿಲ್ಲ.

ಕೊಡೆಯ ಅಂಚಿನಿಂದ ತಲೆ ಹೊರಗೆ ಹಾಕಿ ಅವನು ಮೇಲೆ ನೋಡಿದ. ಗೂಡಿನ ಮೇಲೆ ನಿಂತ ತಾಯಿಕೊಕ್ಕರೆಯೊಂದು ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡುತ್ತಿತ್ತು. ಅದರ ಬೆನ್ನಿನ ಗುಲಾಬಿ ಗರಿಗಳ ಮೇಲೆ ಬಿಸಿಲು ಬಿದ್ದಿತ್ತು. ದಿಲೀಪ ತುಂಬಾ ಹೊತ್ತು ಅದನ್ನೇ ನೋಡಿದ. ಪ್ರಮೀಳಾ ಅವನನ್ನು ನೋಡಿದಳು, ಅವನು ತಿರುಗುವುದರೊಳಗೆ ಕೆರೆಯ ನೀರು ನೋಡಿದಳು.

ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದು ಕೊಡಿ ಎಂದು ಅವನೇ ಹೇಳಿಕೊಟ್ಟ. ಮರ ಕಡಿಯಲು ಒಪ್ಪಿಗೆ ಕೊಡುವವರು ಅರಣ್ಯ ಇಲಾಖೆಯವರು, ರಸ್ತೆ ಎತ್ತ ಹೋಗಬೇಕೆಂದು ಗೆರೆ ಎಳೆಯುವವರು ಎಂಜಿನಿಯರು, ಇಬ್ಬರನ್ನೂ ಕೂರಿಸಿ ಮಾತಾಡಿಸಬಲ್ಲವರು ಶಾಸಕರು. ಒಂದೇ ಕಾಗದವನ್ನು ಎಲ್ಲರಿಗೂ ಕಳಿಸಿದರೆ ಎಲ್ಲರೂ ಇನ್ನೊಬ್ಬರು ನೋಡುತ್ತಾರೆಂದು ಸುಮ್ಮನಾಗುತ್ತಾರೆ. ಯಾರ ಕೈಯಲ್ಲಿ ಏನಾಗುತ್ತದೋ ಅವರನ್ನು ಅದನ್ನೇ ಕೇಳಬೇಕು.

ಪ್ರಮೀಳಾ ಬರೆದಳು. ಶಾಸಕರಿಗೆಂದು ಬರೆದ ಮೊದಲ ಕಾಗದ ಬೆಳಗಿನ ಕೆರೆಯ ವರ್ಣನೆಯಿಂದ ಶುರುವಾಗಿ, ಮರಿಗಳ ಶಾಪ ತಟ್ಟುತ್ತದೆ ಎಂಬಲ್ಲಿಗೆ ಮುಗಿಯಿತು. ಮುಂದಿನ ವಾರ ಬಂದ ದಿಲೀಪ ಅದನ್ನು ಡೈರಿಯ ಕಟ್ಟೆಯ ಮೇಲೆ ಕೂತು ಗಂಭೀರವಾಗಿ ಓದಿದ.

"ಶಾಪ ತೆಗ್ದುಬುಡಿ ಮೇಡಂ. ಆಕ್ಲೇಬೇಕು ಅಂದ್ರೆ ಅದುಕ್ಕೂ ಆಫೀಸಿನ ಸೀಲು ಆಕಿಸ್ಕೋಬೇಕಾಯ್ತದೆ."

ಅವಳು ಶಾಪ ತೆಗೆದಳು. ಕೆರೆಯ ವರ್ಣನೆ ಮಾತ್ರ ತೆಗೆಯುವುದಿಲ್ಲ ಎಂದಳು. ಅವನು ಎರಡು ಸಾಲಿಗೆ ಒಪ್ಪಿದ. ಎರಡು ಸಾಲು ಯಾವುವು ಎಂಬ ಚರ್ಚೆಯಲ್ಲಿ ಮಧ್ಯಾಹ್ನ ಕಳೆಯಿತು.

ಸಹಿಗಳು ಹಾಲಿನ ಸಾಲಿನಲ್ಲಿಯೇ ಸಿಕ್ಕವು. ಸಹಿ ಹಾಕದವರ ಹಾಲಿಗೆ ಫ್ಯಾಟು ಕಮ್ಮಿ ಬರುತ್ತದಂತೆ ಎಂದು ಯಾರೋ ತಮಾಷೆ ಮಾಡಿದರು. ಪ್ರಮೀಳಾ ಅಲ್ಲಗಳೆಯಲಿಲ್ಲ. ಅವಳ ಅಜ್ಜಿ ಬೆಟ್ಟಮ್ಮ ಕೊಕ್ಕರೆ ಹಿಕ್ಕೆಯ ಗೊಬ್ಬರದಿಂದ ರಾಗಿ ಹೇಗೆ ಬರುತ್ತದೆಂದು ಸಾಲಿನಲ್ಲಿದ್ದವರಿಗೆಲ್ಲ ವಿವರಿಸಿ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಆ ಇನ್‌ಸ್ಪೆಕ್ಟರಿಗೆ ಜಮೀನು ಎಷ್ಟಿದೆ, ಮದುವೆ ಆಗಿದೆಯಾ ಎಂದು ಮೊಮ್ಮಗಳನ್ನು ಕೇಳಿದಳು. ಅದನ್ನೆಲ್ಲ ಅರ್ಜಿಯಲ್ಲಿ ಬರೆಯುವುದಿಲ್ಲ ಎಂದಳು ಪ್ರಮೀಳಾ.

ದಿಲೀಪನಿಗೆ ಊರಿಗೆ ಬರಲು ಕಾರಣ ಬೇಕಿತ್ತು. ಅವನಿಗಿದ್ದ ಕಾರಣ ಒಂದೇ, ರೇಷನ್ ಅಂಗಡಿಯ ತಪಾಸಣೆ. ವಾರಕ್ಕೊಮ್ಮೆ ತಪಾಸಣೆಯಾಗುವ ಅಂಗಡಿ ತಾಲ್ಲೂಕಿನಲ್ಲಿ ಬೇರೆ ಇರಲಿಲ್ಲ. ಕೆಂಪಣ್ಣ ಗೋಡೆಗೆ ಸುಣ್ಣ ಹೊಡೆಸಿದ. ಹೊಸ ತಕ್ಕಡಿ ತಂದ. ಅಕ್ಕಿಯನ್ನು ಹೆಂಡತಿಯಿಂದ ಜರಡಿ ಹಿಡಿಸಿ ಕೊಡತೊಡಗಿದ. ಆದರೂ ಸಾಹೇಬರು ಬರುವುದು ನಿಲ್ಲಲಿಲ್ಲ. ಬಂದವರು ಅಂಗಡಿಯೊಳಗೆ ಒಂದು ಕಾಲಿಟ್ಟು, ಚೆನ್ನಾಗಿದೆ ಎಂದು ಡೈರಿಯ ಕಡೆ ನಡೆಯುತ್ತಿದ್ದರು. ತನ್ನ ಮೇಲೆ ಅಲ್ಲಿಂದ ಇನ್ನೂ ದೂರು ಹೋಗುತ್ತಿದೆ ಎಂದೇ ಕೆಂಪಣ್ಣ ತಿಳಿದಿದ್ದ.

ಜಗಳವಾದದ್ದು ಅರ್ಜಿಗಳ ಶುದ್ಧಪ್ರತಿ ತಯಾರಾದ ದಿನ. ಎಲ್ಲರ ಸಹಿಗಳ ಮೇಲೆ, ತನ್ನ ಹೆಸರಿನ ಪಕ್ಕದಲ್ಲಿ, ಪ್ರಮೀಳಾ ಒಂದು ಜಾಗ ಖಾಲಿ ಬಿಟ್ಟಿದ್ದಳು. ದಿಲೀಪ ಪೆನ್ನು ಮುಟ್ಟಲಿಲ್ಲ. ಸರ್ಕಾರಿ ನೌಕರ ಸರ್ಕಾರದ ಕೆಲಸದ ವಿರುದ್ಧ ಅರ್ಜಿಗೆ ಸಹಿ ಹಾಕುವಂತಿಲ್ಲ, ನಿಯಮವಿದೆ ಎಂದ. ಅವನು ಹೇಳಿದ್ದು ನಿಜ. ಆದರೆ ಆ ಖಾಲಿ ಜಾಗವನ್ನು ಅವಳು ಬರೀ ಕೊಕ್ಕರೆಗಳಿಗಾಗಿ ಬಿಟ್ಟಿರಲಿಲ್ಲ.

"ನಿಮ್ಮ ಬುದ್ಧಿ ಎಲ್ಲಾ ಕಾಗದ್ದಲ್ಲೂ ಅದೆ. ಎಸ್ರು ಮಾತ್ರ ಎಲ್ಲೂ ಬ್ಯಾಡ ಅಲ್ವಾ?" ಎಂದಳು.

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕ್ಯಾನುಗಳನ್ನು ಬೇಕೆಂದೇ ಸದ್ದು ಮಾಡಿ ಜೋಡಿಸತೊಡಗಿದಳು. ಅವನು ಹೊರಟುಹೋದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ರಸ್ತೆಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಪ್ರಮೀಳಾ ಹಾಲು ಅಳೆಯುವುದು ತಪ್ಪಿ ಮತ್ತೆ ಅಳೆಯುತ್ತಿದ್ದಳು.

ಅರ್ಜಿಗಳಿಗೆ ಉತ್ತರಗಳು ಬಂದವು. ಶಾಸಕರ ಕಚೇರಿಯಿಂದ, ಪರಿಶೀಲಿಸಿ ಕ್ರಮ ಕೈಗೊಳ್ಳಲು ಸೂಚಿಸಿದೆ ಎಂದು ಬಂತು. ಅರಣ್ಯ ಇಲಾಖೆ, ಸ್ಥಳದ ವರದಿ ಕೇಳಿದ್ದೇವೆ ಎಂದಿತು. ಎಂಜಿನಿಯರ ಉತ್ತರ ಮಾತ್ರ ಸ್ಪಷ್ಟವಾಗಿತ್ತು: ಸದರಿ ಮರಗಳಲ್ಲಿ ಯಾವುದೇ ಪಕ್ಷಿಗಳ ವಾಸ ಕಂಡುಬಂದಿಲ್ಲ. ಅದನ್ನು ಓದಿದ ದಿನ ಪ್ರಮೀಳಾಳಿಗೆ ತೆಗೆದುಹಾಕಿದ ಶಾಪದ ಸಾಲು ನೆನಪಾಯಿತು. ಮರ ಕಡಿಯುವವರು ಸೋಮವಾರ ಬರುತ್ತಾರೆಂದು ಸುದ್ದಿ.

ಅದೇ ಸಂಜೆ ಕೆಂಪಣ್ಣ ಡೈರಿಗೆ ಬಂದ. ತಾಲ್ಲೂಕು ಕಚೇರಿಗೆ ಹೋಗಿದ್ದವನು ಸುದ್ದಿ ತಂದಿದ್ದ. ದಿಲೀಪ ಮೊದಲ ದಿನದ ಆ ಅಕ್ಕಿ ದೂರಿಗೆ ವರದಿ ಬರೆದು ಮುಗಿಸಬೇಕಿತ್ತಂತೆ. ಅದರಲ್ಲಿ, ಸ್ಥಳದಲ್ಲಿ ಅಕ್ಕಿ ಇಲ್ಲ, ಹುಣಸೆ ಮರಗಳಲ್ಲಿ ಕೊಕ್ಕರೆಗಳ ಗೂಡುಗಳಿವೆ, ಮರಿಗಳಿವೆ ಎಂದು ಫೋಟೋ ಸಮೇತ ಬರೆದು, ಒಂದು ಪ್ರತಿಯನ್ನು ಅರಣ್ಯ ಇಲಾಖೆಗೂ ಕಳಿಸಿದ್ದನಂತೆ. ಕೆಳಗೆ ತನ್ನ ಪೂರ್ತಿ ಹೆಸರು, ಹುದ್ದೆ, ಸಹಿ. ಎಂಜಿನಿಯರು ಸಿಟ್ಟಾಗಿ ದೂರಿದ್ದಾರಂತೆ. ಆಹಾರ ಇಲಾಖೆಯವನಿಗೆ ಹಕ್ಕಿಗಳ ಉಸಾಬರಿ ಏಕೆಂದು ಅವನಿಗೆ ನೋಟಿಸು ಕೊಟ್ಟು, ನಾಳೆ ತಹಶೀಲ್ದಾರರ ಮುಂದೆ ನಿಲ್ಲಿಸುತ್ತಾರಂತೆ.

ಕೆಂಪಣ್ಣ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, "ನನ್ ಅಂಗ್ಡಿ ತಪಾಸಣೆ ಮಾಡೋಕೆ ಬರ್ತಾವ್ನೆ ಅನ್ಕೊಂಡಿದ್ದೆ ಕಣವ್ವ" ಎಂದ. "ಎಲ್ಲಾರ್ಗೂ ಗೊತ್ತಿತ್ತಂತೆ. ನಂಗೊಬ್ನಿಗೆ ಯಾರೂ ಏಳ್ಲೇ ಇಲ್ಲ. ಸುಣ್ಣನಾರ ಉಳೀತಿತ್ತು."

ಪ್ರಮೀಳಾ ಬೆಳಗಿನ ಹಾಲು ಮುಗಿಸಿ ಕಿಕ್ಕೇರಿಯಲ್ಲಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತಹಶೀಲ್ದಾರರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು.

ತಹಶೀಲ್ದಾರ್ ಮೇಘನ ಹೊಸಬರು, ಕಡಿಮೆ ಮಾತಿನವರು. ಅವರ ಮೇಜಿನ ಒಂದು ಬದಿಗೆ ದಿಲೀಪ ಕೈಕಟ್ಟಿ ನಿಂತಿದ್ದ. ಒಳಗೆ ಬಂದ ಪ್ರಮೀಳಾಳನ್ನು ಕಂಡು ಅವನ ಕೈಗಳು ತಾವಾಗಿಯೇ ಬಿಚ್ಚಿಕೊಂಡವು. ಪ್ರಮೀಳಾ ನಿಂತಲ್ಲೇ ಶುರು ಮಾಡಿದಳು. ತಪ್ಪಾಗಿ ಹೇಳಿದ್ದು ತಾನು, ತಪ್ಪಾಗಿ ಬರೆದುಕೊಂಡದ್ದು ಕಚೇರಿ, ಕಂಡದ್ದನ್ನು ಸರಿಯಾಗಿ ಬರೆದವರು ಇವರೊಬ್ಬರೇ. ಅದಕ್ಕೆ ನೋಟಿಸು ಕೊಡುವುದಾದರೆ ಇನ್ನು ಮೇಲೆ ಯಾರು ನಿಜ ಬರೆಯುತ್ತಾರೆ? ಇವರು ಒಳ್ಳೆಯವರು, ಇವರಿಂದ ಊರಿಗೆ ಕಲ್ಲಿಲ್ಲದ ಅಕ್ಕಿ ಬಂತು, ಇವರು ಮಧ್ಯಾಹ್ನ ಊಟವನ್ನೂ ಸರಿಯಾಗಿ ಮಾಡುವುದಿಲ್ಲ.

ಊಟದ ವಿಷಯ ಬಂದಾಗ ತಹಶೀಲ್ದಾರರು ತಲೆ ಎತ್ತಿದರು. "ಇವರು ನಿಮಗೆ ಏನಾಗಬೇಕು?"

ಬಸ್ಸಿನಲ್ಲಿ ಬರೆದುಕೊಂಡ ಯಾವ ಸಾಲಿನಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಬಾಗಿಲ ಹತ್ತಿರದ ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ದಿಲೀಪ ತನ್ನ ಬೂಟು ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

"ಇನ್ನೂ ಏನೂ ಆಗಿಲ್ಲ ಮೇಡಂ" ಎಂದಳು ಪ್ರಮೀಳಾ. "ಆಗ್ಬೇಕು ಅಂತ ಆಸೆ ಅದೆ."

ಮೇಘನ ಫೈಲಿನ ಮೇಲೆ ಬಗ್ಗಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಒಂದೇ ಪುಟ ಓದಿದರು. ಆ ವಿಷಯ ತಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಕೊಕ್ಕರೆಗಳ ವಿಷಯಕ್ಕೆ, ಎಂಜಿನಿಯರನ್ನೂ ಅರಣ್ಯ ಇಲಾಖೆಯವರನ್ನೂ ಕರೆದುಕೊಂಡು ಶನಿವಾರ ತಾವೇ ಏರಿಗೆ ಬರುವುದಾಗಿ ಹೇಳಿದರು. ನೋಟಿಸನ್ನು ಫೈಲಿನೊಳಗೆ ಸೇರಿಸಿ ದಾರ ಕಟ್ಟಿದರು.

ಹೊರಗೆ ಮೆಟ್ಟಿಲ ಮೇಲೆ ದಿಲೀಪ ಅವಳ ಹಿಂದೆಯೇ ಬಂದ. ಅರ್ಜಿದಾರರು, ಟೈಪಿಸ್ಟರು, ಎಳನೀರು ಮಾರುವವನು ಎಲ್ಲರೂ ಇದ್ದರು. ಅವನು ಒಂದು ಮೆಟ್ಟಿಲು ಕೆಳಗಿಳಿದು, ಅವಳ ಮುಖ ಕಾಣುವ ಹಾಗೆ ನಿಂತ.

"ನಂಗೂ ಅದೆ" ಎಂದ.

"ಏನು?"

"ಆಸೆ. ಮೊದ್ಲ ದಿನದಿಂದ್ಲೂ ಅದೆ. ಏಳೋಕೆ ಬರ್ನಿಲ್ಲ."

ಅವಳು ಮುಖ ತಿರುಗಿಸಿಕೊಂಡು ನಕ್ಕಳು. ಆ ನಗುವಿಗೆ ಅವನ ಎರಡು ವಾರದ ಸಪ್ಪೆ ಮುಖ ಬೆಳಗಿತು.

ಶನಿವಾರ ಏರಿಯ ಮೇಲೆ ನಿಂತು, ಇಲ್ಲಿ ಹಕ್ಕಿಗಳೇ ಇಲ್ಲ ಎಂದು ಹೇಳುವ ಧೈರ್ಯ ಎಂಜಿನಿಯರಿಗೆ ಬರಲಿಲ್ಲ. ಮರಿಗಳು ಹಾರುವವರೆಗೆ ಕೊಡಲಿ ಮುಟ್ಟುವಂತಿಲ್ಲ ಎಂದು ಆದೇಶವಾಯಿತು. ಶಾಸಕರು ಮಾತಾಡಿದ ಮೇಲೆ ರಸ್ತೆಯ ಗೆರೆ ಹೊಲದ ಕಡೆಗೆ ಸರಿಯಿತು. ತಿರುವಿನಲ್ಲಿದ್ದ ಎರಡು ಮರಗಳನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಆ ದಿನ ಬೆಟ್ಟಮ್ಮ ಊಟ ಮಾಡಲಿಲ್ಲ. ಕೊಕ್ಕರೆಗಳನ್ನು ಉಳಿಸಿದ್ದು ತಾವೇ ಎಂದು ಶಾಸಕರು ಭಾಷಣದಲ್ಲಿ ಹೇಳಿಕೊಂಡರು. ಪ್ರಮೀಳಾ ಅವರಿಗೆ ಧನ್ಯವಾದದ ಕಾಗದ ಬರೆದು, ಅದರಲ್ಲೇ ಕೆರೆಗೆ ಬಂದು ಸೇರುವ ಚರಂಡಿಯ ವಿಷಯವನ್ನೂ ಶುರು ಮಾಡಿದಳು.

ಒಂದು ಭಾನುವಾರ ದಿಲೀಪ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಪಾಂಡವಪುರದ ತನ್ನ ಮನೆಗೆ ಹೋದ. ಸಕ್ಕರೆ ಕಾರ್ಖಾನೆ ದಾಟುವವರೆಗೂ ಅಮ್ಮನಿಗೆ ಹೇಗೆ ಹೇಳುತ್ತೇನೆಂದು ಒಪ್ಪಿಸುತ್ತಲೇ ಇದ್ದ. ಅವನ ತಾಯಿ ಪುಟ್ಟತಾಯಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮಗನ ಹಿಂದೆ ಇಳಿದ ಹುಡುಗಿಯನ್ನು ನೋಡಿದರು, ಮಗನನ್ನು ನೋಡಿದರು.

ದಿಲೀಪ ಗಂಟಲು ಸರಿಮಾಡಿಕೊಂಡ. "ಅಮ್ಮ, ಇವ್ರು..." ಎಂದ. ಅಲ್ಲಿಗೆ ನಿಂತ. ಬಾವಿಕಟ್ಟೆ ನೋಡಿದ, ಹಸುವನ್ನು ನೋಡಿದ, ಮತ್ತೆ "ಇವ್ರು" ಎಂದ.

ಪುಟ್ಟತಾಯಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದರು.

"ಬಾರವ್ವ, ನೀನು ಒಳಿಕ್ ಬಾ" ಎಂದರು ಪ್ರಮೀಳಾಳಿಗೆ. "ಅವ್ನು ಏಳಿ ಮುಗಿಸೋ ಒತ್ಗೆ ಸಂಜೆ ಆಯ್ತದೆ. ನಾವು ಊಟ ಮಾಡಾನ."

ಪ್ರಮೀಳಾ ಅವರ ಹಿಂದೆ ಹೆಜ್ಜೆ ಇಟ್ಟವಳು ಹೊಸ್ತಿಲ ಬಳಿ ತಿರುಗಿ ನೋಡಿದಳು. ದಿಲೀಪ ಇನ್ನೂ ಅಂಗಳದಲ್ಲೇ ಮಾತು ಹುಡುಕುತ್ತ ನಿಂತಿದ್ದ. ಅವಳು ವಾಪಸು ಹೋಗಿ, ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದಳು.