ಹಸಿರು ಬಳೆಯ ಹಕ್ಕಿ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಮುತ್ತುಗದ ಸೀಮೆ ಅಂತ ಒಂದು ರಾಜ್ಯವಿತ್ತು. ಅಲ್ಲಿನ ರಾಣಿಗೆ ಎದೆಯ ಕಾಯಿಲೆ. ಆಕೆಯ ಉಸಿರಿರುವ ತನಕ ಕೋಟೆ ಕರಿಬಂಡೆಯ ಮಾಂತ್ರಿಕನ ವಶವಾಗುತ್ತಿರಲಿಲ್ಲ. ಅದಕ್ಕೇ ಅವನು ಆಕೆಯ ಸಾವಿಗೆ ಕಾಯುತ್ತಿದ್ದ.

ಕಿರಿಸೊಸೆ ಪುಟ್ಟತಾಯಿ ಬಳೆಗಾರರ ಮಗಳು. ಅತ್ತೆಗೆಂದು ಒಂದು ಹಸಿರು ಬಳೆ ಮಾಡಿಸಿ ತಂದಳು. ಅದರ ಗಾಜಿನೊಳಗೆ ಸಾಸಿವೆಯಷ್ಟು ಪುಟ್ಟ ಹಕ್ಕಿ. ತೊಟ್ಟವರ ನಾಡಿ ನೆಟ್ಟಗಿದ್ದರೆ ಹಕ್ಕಿಗೆ ನಿದ್ದೆ. ನಾಡಿ ತಪ್ಪಿದರೆ ಬಳೆ ಕೆಂಪಾಗಿ ಹಕ್ಕಿ ಚೀರುತ್ತಿತ್ತು. ಪುಟ್ಟತಾಯಿ ಎಲ್ಲೇ ಇರಲಿ, ಅವಳ ಕಿವಿಯ ಓಲೆಗಳಲ್ಲಿದ್ದ ಅಂಥವೇ ಹಕ್ಕಿಗಳೂ ಚೀರುತ್ತಿದ್ದವು. ಅವಳು ಮದ್ದು ಹಿಡಿದು ಓಡುತ್ತಿದ್ದಳು.

"ನನ್ನ ಪುಟ್ಟತಾಯಿ ಇಲ್ಲದಿದ್ದರೆ ನಾನೆಲ್ಲಿರುತ್ತಿದ್ದೆ!" ಬಂದವರಿಗೆಲ್ಲ ರಾಣಿಯದು ಇದೇ ಮಾತು.

ಹಿರಿಸೊಸೆ ಸಿಂಗಾರಿಗೆ ಮೈಯೆಲ್ಲ ಉರಿ. ಇಷ್ಟು ವರ್ಷ ಅತ್ತೆಯ ಕಾಲೊತ್ತಿದವಳು ತಾನು. ಒಂದು ದಿನವೂ 'ನನ್ನ ಸಿಂಗಾರಿ' ಅನ್ನಿಸಿಕೊಂಡಿರಲಿಲ್ಲ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಆ ಉರಿಯ ವಾಸನೆ ಹಿಡಿದು ಮಾಂತ್ರಿಕ ಕಾಗೆಯಾಗಿ ಕಿಟಕಿಗೆ ಬಂದ.

"ಒಂದೇ ಒಂದು ಸಲ ಹಕ್ಕಿ ಬಾಯಿ ಮುಚ್ಚಲಿ, ತಾಯಿ. ಕಿರಿಯವಳ ಜಂಬ ಇಳಿಯುತ್ತೆ. ತಗೋ, ಮೇಣ."

ಸಿಂಗಾರಿ ಬಳೆಗೆ ಮೇಣ ಮೆತ್ತಿದಳು. ರಾಣಿಯ ನಾಡಿ ತಪ್ಪಿದೊಡನೆ ಹಕ್ಕಿ ಮೇಣ ಕುಕ್ಕಿ ಚೀರಿತು. ಪುಟ್ಟತಾಯಿ ಓಡಿ ಬಂದಳು.

ಕಾಗೆ ಮತ್ತೆ ಬಂತು. "ತಗೋ, ಕಂಬಳಿ."

ಸಿಂಗಾರಿ ಅತ್ತೆಯ ಕೈಗೆ ಕಂಬಳಿ ಸುತ್ತಿದಳು. ಹಕ್ಕಿ ಇನ್ನೂ ಜೋರಾಗಿ ಚೀರಿತು. ಪುಟ್ಟತಾಯಿ ಓಡಿ ಬಂದಳು.

ಮೂರನೆಯ ಸಲ ಕಾಗೆ ಹೇಳಿತು: "ಬಳೆ ತೆಗೆದು ನೀನೇ ಹಾಕಿಕೋ. ನೀನು ಗಟ್ಟಿಮುಟ್ಟು, ಹಕ್ಕಿ ಮಲಗಿರುತ್ತೆ."

ಬಳೆಯಿಲ್ಲದ ಬರಿಗೈಯ ಮೂಲಕವೇ ತನ್ನ ಮಂತ್ರ ಮೈಯೊಳಗೆ ನುಗ್ಗಿ ಕೊಲ್ಲುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಮಧ್ಯಾಹ್ನ ಅತ್ತೆ ಮಲಗಿದ್ದಾಗ ಸಿಂಗಾರಿ ಬಳೆ ಕಳಚಿ ತಾನು ತೊಟ್ಟಳು. ಆದರೆ ಮುತ್ತೈದೆಯ ಕೈ ಬರಿದಾಗಿ ಬಿಡುವುದುಂಟೆ? ಹೊಟ್ಟೆಕಿಚ್ಚು ಎಷ್ಟಿದ್ದರೂ ಅಷ್ಟು ಕೆಟ್ಟವಳಲ್ಲ ಅವಳು. ಬಳೆ ಬದಲಿಸುವಾಗ ಎಲ್ಲರೂ ಕಟ್ಟುವ ಹಾಗೆ ಅರಿಸಿನದ ದಾರ ಕಟ್ಟಿಬಿಟ್ಟಳು.

ಕಾಗೆ ಒಳಗೆ ಹಾರಿ ಮಂತ್ರ ಊದಿತು. ಮಂತ್ರ ದಾರಕ್ಕೆ ತಾಗಿ ತಿರುಗಿ ಬಂದು ಕಾಗೆಗೇ ಬಡಿಯಿತು. ಕಾಗೆ ಇದ್ದಲ್ಲೇ ಇದ್ದಿಲಾಗಿ ಉದುರಿತು.

ಅಷ್ಟರಲ್ಲಿ ಸಿಂಗಾರಿಯ ಕೈಯಲ್ಲಿ ಬಳೆ ಕೆಂಡದ ಹಾಗೆ ಕೆಂಪಾಗಿ ಹಕ್ಕಿ ಚೀರತೊಡಗಿತು. ಅವಳು ಕಣ್ಣುಕತ್ತಲೆ ಬಂದು ಕುಸಿದಳು. ಪುಟ್ಟತಾಯಿ ಓಡಿ ಬಂದಳು. ಬಳೆ ಕಂಡಳು, ದಾರ ಕಂಡಳು, ಎಲ್ಲ ತಿಳಿಯಿತು.

"ಅಕ್ಕಾ, ಊಟ ಬಿಟ್ಟು ಎಷ್ಟು ದಿನ ಆಯ್ತು?"

"ನಿನಗ್ಯಾಕೆ? ನಿನ್ನ ಕಂಡರೆ ನನಗಾಗಲ್ಲ ಕಣೇ."

"ಗೊತ್ತು. ಬಾಯಿ ತೆಗಿ." ಪುಟ್ಟತಾಯಿ ಗಂಜಿ ಕುಡಿಸಿದಳು.

ಗದ್ದಲಕ್ಕೆ ಎದ್ದ ರಾಣಿ ಹತ್ತಿರ ಬಂದು ಕೂತಳು. "ಸಾಸಿವೆಯಷ್ಟು ಹಕ್ಕಿಗೆ ಕಂಡದ್ದು ನನಗೆ ಕಾಣಲಿಲ್ಲವಲ್ಲೇ, ನನ್ನ ಸಿಂಗಾರಿ."

ಸಿಂಗಾರಿ ಬಿಕ್ಕಿ ಬಿಕ್ಕಿ ಅತ್ತು ಬಳೆಯನ್ನು ಅತ್ತೆಯ ಕೈಗೆ ತೊಡಿಸಿದಳು. ಪುಟ್ಟತಾಯಿ ತನ್ನ ಓಲೆಯೊಂದನ್ನು ಬಿಚ್ಚಿ ಅಕ್ಕನ ಕಿವಿಗೆ ಇಟ್ಟಳು.

ಅಂದಿನಿಂದ ಹಕ್ಕಿ ಚೀರಿದರೆ ಇಬ್ಬರೂ ಓಡುತ್ತಿದ್ದರು. ಯಾರು ಮೊದಲು ತಲುಪುತ್ತಾರೆ ಅನ್ನುವ ಹೊಟ್ಟೆಕಿಚ್ಚು ಮಾತ್ರ ಕೊನೆಯ ತನಕ ಹೋಗಲಿಲ್ಲ. ಅದರ ಪುಣ್ಯದಿಂದ ರಾಣಿ ಮರಿಮಕ್ಕಳ ಮದುವೆ ನೋಡಿದಳು. ಮುತ್ತುಗದ ಸೀಮೆಯಲ್ಲಿ ಎಲ್ಲರೂ ಉಂಡು, ನಕ್ಕು, ಜಗಳವಾಡಿಕೊಂಡು ಸುಖವಾಗಿದ್ದರು.